ಬಾಯಿ ಮೂಕಯ್ಯ

ಹನುಮಂತನಪಟ್ಟಿಯ ಮೂಕಯ್ಯನ ಹೆಸರು ತಮಿಳಿನವರ ಕಿವಿಗೆ ಒಂದು ಥರ ಕೇಳಿಸುತ್ತದೆ, ಅವನ ಮನೆಯವರ ಕಿವಿಗೆ ಇನ್ನೊಂದು ಥರ. ತಮಿಳಿನವರಿಗೆ ಅದು ಮೂಗಿನ ಹೆಸರು. ಅವನಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ನಾಲ್ಕನೆಯದಾದರೂ ಉಳಿಯಲಿ ಎಂದು ಅವ್ವ ಹನ್ನೊಂದನೆಯ ದಿನವೇ ಮೂಗು ಚುಚ್ಚಿಸಿ ಆ ಹೆಸರಿಟ್ಟಳು. ಆದರೆ ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಕಣಿವೆಗೆ ಬಂದು, ಇಂದಿಗೂ ಹೊಸ್ತಿಲೊಳಗೆ ಕನ್ನಡ ಆಡುವ ಅವನ ನೆಂಟರಿಗೆ ಅದು ಮಾತು ಬಾರದವನ ಹೆಸರು. ಅಂಥ ಹೆಸರಿನವನನ್ನೇ ನಲವತ್ತು ವರ್ಷದ ಹಿಂದೆ ಕನ್ನಡದ ಮನೆಗಳೆಲ್ಲ ಸೇರಿ ತಮ್ಮ ಬಾಯಿಯನ್ನಾಗಿ ಆರಿಸಿದವು. ಹೆಂಡತಿ ರಾಜಮ್ಮಾಳ್ ಅದನ್ನು ನೆನೆದು ಈಗಲೂ ನಗುತ್ತಾಳೆ.

"ಊರೆಲ್ಲ ಉಡ್ಕಿ ಉಡ್ಕಿ ಒಬ್ಬ ಮೂಕನ್ನ ಬಾಯಿ ಮಾಡವ್ರೆ. ಮನೇಲಿ ಉಪ್ಪು ಸರಿಯಾ ಅಂತ ಕೇಳುದ್ರೂ ಬಾಯಿ ಬುಡಲ್ಲ."

ಬಾಯಿ ಅಂದರೆ ಇಲ್ಲಿ ಒಂದು ಹೊಣೆ. ಅದಕ್ಕೆ ಕಾಗದವಿಲ್ಲ, ಸಂಬಳವಿಲ್ಲ. ಮೇಲೂರಿನವರ ಜೊತೆ ಕಾಲುವೆ ನೀರಿನ ಸರದಿ ಮಾತಾಡುವಾಗ, ಕಚೇರಿಯವರು ಬಂದು ಏನಾದರೂ ಕೇಳಿದಾಗ, ಎಲ್ಲರ ಪರವಾಗಿ ಒಬ್ಬನೇ ಮಾತಾಡುತ್ತಾನೆ. ಅದಕ್ಕೆ ಮುಂಚೆ ಒಳಂಗಳದಲ್ಲಿ ಎಲ್ಲರೂ ಮನಸಾರೆ ಜಗಳವಾಡುತ್ತಾರೆ. ತಾತನ ಕಾಲದ ಬೇಲಿ, ಯಾರದೋ ಮದುವೆಯಲ್ಲಿ ಬಡಿಸದೆ ಬಿಟ್ಟ ಪಾಯಸ, ಎಲ್ಲ ಬಂದುಹೋಗುತ್ತದೆ. ಜಗಳ ತೀರಿತು ಅನ್ನುವಾಗ ತಟ್ಟೆಯಲ್ಲಿ ವೀಳ್ಯದೆಲೆ ಬರುತ್ತದೆ. ಬಾಯಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲ ಎಲೆ, ಅಡಿಕೆ, ಸುಣ್ಣ ಹಾಕಿಕೊಂಡು ಹೊರಗೆ ಬರುತ್ತಾರೆ. ಬಾಯಿ ತುಂಬ ರಸ ಇಟ್ಟುಕೊಂಡವನು ಮಾತಾಡಲಾರ. ಮಾತಾಡಲೇಬೇಕೆಂದರೆ ಉಗಿಯಬೇಕು. ಹೊರಗಿನವರ ಎದುರು ಉಗಿಯುವುದೆಂದರೆ ತನ್ನ ಮನೆಯ ಬಾಗಿಲಿಗೇ ಉಗಿದ ಹಾಗೆ. ಹಾಗಾಗಿ ಹತ್ತು ಹನ್ನೆರಡು ಜನ ಕೆನ್ನೆ ಉಬ್ಬಿಸಿಕೊಂಡು, ಗಂಭೀರವಾಗಿ ತಲೆಯಾಡಿಸುತ್ತ, ಒಬ್ಬನ ಹಿಂದೆ ನಿಂತಿರುತ್ತಾರೆ. ನೋಡುವವರಿಗೆ ನಗು ಬರುತ್ತದೆ. ಆದರೆ ಮೇಲೂರಿನವರು ಅವರನ್ನು ನೋಡಿ ಎಂದೂ ನಕ್ಕಿಲ್ಲ.

ಮೂಕಯ್ಯ ಮೊದಲ ಸಲ ಬಾಯಿಯಾಗಿ ಹೋದಾಗ ಅವನಿಗೆ ಮೂವತ್ತೊಂದು ವರ್ಷ. ಆರು ದಿನದ ನೀರು ಕೇಳು, ನಾಲ್ಕಕ್ಕೆ ಒಪ್ಪು ಎಂದು ಮನೆಯವರು ಹೇಳಿ ಕಳಿಸಿದ್ದರು. ಮೇಲೂರಿನ ಹಿರಿಯ, "ಎಷ್ಟು ದಿನ ಬೇಕಪ್ಪಾ?" ಎಂದ. ಮೂಕಯ್ಯನಿಗೆ ಸ್ವರ ಹೊರಡಲಿಲ್ಲ. ಸುಮ್ಮನೆ ನಿಂತ. ಹಿಂದೆ ಹನ್ನೊಂದು ಬಾಯಿಗಳು ಎಲೆ ಅಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿನವನಿಗೆ ಆ ಮೌನ ತಡೆಯಲಾಗಲಿಲ್ಲ. "ಸರಿ, ಐದು ದಿನ ತೊಗೊಳ್ಳಿ, ಅದಕ್ಕಿಂತ ಆಗಲ್ಲ," ಎಂದುಬಿಟ್ಟ. ಅಂದಿನಿಂದ ಐದು ದಿನ. ಸುಮ್ಮನಿರುವುದೂ ಬಾಯಿಯ ಕೆಲಸವೆಂದು ಮೂಕಯ್ಯ ಆ ದಿನ ಕಲಿತ.

ಮಾತಾಡಬೇಕಾದಾಗ ಅವನ ತಮಿಳು ಚೆನ್ನಾಗಿಯೇ ಇತ್ತು, ಒಂದು ಕಡೆ ಬಿಟ್ಟು. ತಮಿಳಿನಲ್ಲಿ 'ನಾವು' ಎನ್ನಲು ಎರಡು ಮಾತಿವೆ. ಕೇಳುತ್ತಿರುವ ನಿನ್ನನ್ನು ಬಿಟ್ಟು ನಾವು ಎನ್ನುವುದಾದರೆ 'ನಾಂಗ'. ನಿನ್ನನ್ನೂ ಸೇರಿಸಿ ನಾವು ಎನ್ನುವುದಾದರೆ 'ನಾಮ'. ಕನ್ನಡಕ್ಕೆ ಆ ಲೆಕ್ಕವಿಲ್ಲ, ಎಲ್ಲದಕ್ಕೂ ಒಂದೇ ನಾವು. ಹುಟ್ಟಿದಾಗಿನಿಂದ ತಮಿಳಿನ ನಡುವೆ ಬೆಳೆದವನಾದರೂ ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಮೂಕಯ್ಯನಿಗೆ ಈ ಎರಡು ಅದಲು ಬದಲಾಗುತ್ತಿದ್ದವು. ಮದುವೆಯಾದ ಹೊಸತರಲ್ಲಿ ಒಡ್ಡನ್‌ಛತ್ರದ ಮಾರುಕಟ್ಟೆಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ಕನ್ನಡದಲ್ಲಿ ನಮ್ಮ ಹೆಂಡತಿ ಎನ್ನುವ ಹಾಗೆಯೇ, "ಇವಳು ನಮ್ಮ ಹೆಂಡತಿ" ಎಂದು ತಮಿಳಿನಲ್ಲಿ ಪರಿಚಯಿಸಿದ. ತಮಿಳಿನ 'ನಮ್ಮ'ದಲ್ಲಿ ಕೇಳುವವನೂ ಸೇರುತ್ತಾನೆ. ಮಂಡಿಯ ದಲ್ಲಾಳಿ ಎರಡೂ ಕೈ ಎತ್ತಿ, "ಐಯಯ್ಯೋ, ನನಗೆ ಮನೆಯಲ್ಲಿರೋ ಒಬ್ಬಳೇ ಸಾಕಪ್ಪಾ!" ಎಂದಿದ್ದ. ರಾಜಮ್ಮಾಳ್ ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗಲೆಲ್ಲ ಮೂಕಯ್ಯ ಎದ್ದು ತೋಟಕ್ಕೆ ಹೋಗುತ್ತಾನೆ.

ತೋಟವೆಂದರೆ ಎರಡೂವರೆ ಎಕರೆ ಪನ್ನೀರು ದ್ರಾಕ್ಷಿ. ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ, ಅದರ ಕೆಳಗೆ ಹಸಿರು ಬೆಳಕು. ಕತ್ತರಿಯಿಂದ ದ್ರಾಕ್ಷಿ ಬಳ್ಳಿ ಸವರುವುದರಲ್ಲಿ ಅವನ ಕೈಯನ್ನು ಕಣಿವೆಯಲ್ಲಿ ಬಲ್ಲವರೇ ಬಲ್ಲರು. ಸವರಿದ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣು ಎಷ್ಟು ಬಿಡಬೇಕು, ಯಾವುದು ಹಣ್ಣು ಕೊಡುವ ಕಣ್ಣು, ಯಾವುದು ಬರೀ ಎಲೆ ಬಿಡುವ ಕಣ್ಣು ಎಂಬುದನ್ನು ಅವನು ಹೆಬ್ಬೆರಳಿನಿಂದ ತಿಳಿಯುತ್ತಾನೆ. ಹಣ್ಣಿನ ಕಣ್ಣು ಗುಂಡಗೆ, ಬೆರಳಿಗೆ ತುಂಬಿಕೊಂಡು ಸಿಗುತ್ತದೆ. ಎಲೆಯ ಕಣ್ಣು ಚೂಪು.

ಆ ಕೈಯನ್ನು ಹುಡುಕಿಕೊಂಡೇ ಹೋದ ವರ್ಷ ಮಾರ್ಗಳಿ ತಿಂಗಳ ಚಳಿಯಲ್ಲಿ ತೋಟಗಾರಿಕೆಯ ಅಧಿಕಾರಿ ತಮಿಳ್‌ಸೆಲ್ವನ್ ಬಂದ. ಶ್ರೀಲಂಕಾದಿಂದ, ಅಲ್ಲಿನ ಉತ್ತರದ ತಮಿಳರ ಸೀಮೆಯಾದ ಯಾಳ್ಪಾಣದ ಕಡೆಯಿಂದ ಏಳು ಜನ ದ್ರಾಕ್ಷಿ ಬೆಳೆಗಾರರು ಬರುತ್ತಾರೆ. ಎರಡು ಸರ್ಕಾರಗಳು ಮಾತಾಡಿಕೊಂಡಿವೆ. ಹದಿಮೂರು ದಿನ ನಿಮ್ಮ ತೋಟದಲ್ಲಿ ಕಲಿಯಬೇಕು ಎಂದ.

"ನನ್ ತೋಟದಲ್ಲಿ ಕಲಿಯೋಕೆ ಎರಡು ಸರ್ಕಾರ ಮಾತಾಡ್ಕೋಬೇಕಾ?" ಮೂಕಯ್ಯನಿಗೆ ಆಶ್ಚರ್ಯ.

ತಮಿಳ್‌ಸೆಲ್ವನ್ ಒಳ್ಳೆಯವನು, ತಾಳ್ಮೆಯವನು. ಜಗುಲಿಯ ಮೇಲೆ ಕೂತು ವಿವರಿಸಿದ. ಆ ದ್ವೀಪಕ್ಕೆ ದೂರದ ದೊಡ್ಡ ದೇಶಗಳು ಬಂದರು ಕಟ್ಟಿಕೊಡುತ್ತವೆ, ರಸ್ತೆ ಹಾಕಿಕೊಡುತ್ತವೆ. ನಾವು ಪಕ್ಕದ ಮನೆಯವರು. ನಮ್ಮಲ್ಲಿ ಅಷ್ಟು ಸಿಮೆಂಟಿಲ್ಲ, ಆದರೆ ಅವರ ಹಾಗೆಯೇ ಮಾತಾಡುವ, ಅವರ ಹಾಗೆಯೇ ಬೆಳೆ ಬೆಳೆಯುವ ಕೈಗಳಿವೆ. ಈ ಏಳು ಜನ ಚೆನ್ನಾಗಿ ಕಲಿತು ಹೋದರೆ ಮುಂದಿನ ವರ್ಷ ಎಪ್ಪತ್ತು ಜನ ಬರುತ್ತಾರೆ. ಆಮೇಲೆ ಸಮುದ್ರದ ಮೀನುಗಾರರ ಜಗಳದ ಬಗ್ಗೆ ಕೂತು ಮಾತಾಡುವಾಗಲೂ ಎದುರಿನವರ ಮುಖ ಸ್ವಲ್ಪ ಸಡಿಲವಾಗಿರುತ್ತದೆ.

"ಅಂದ್ರೆ ಮೇಲೂರಿನವ್ರ ಮನೆ ಮದುವೆಗೆ ನಾವು ಬಾಳೆಗೊನೆ ಕಳಿಸ್ದಂಗೆ," ಎಂದ ಮೂಕಯ್ಯ.

"ಹಾಗೇ ಅಂದ್ಕೊಳ್ಳಿ, ಐಯಾ."

ಏಳು ಜನ ಬಂದರು. ಅವರ ಹಿರಿಯ ಶಿವಬಾಲನ್, ಅರವತ್ತು ದಾಟಿದ ಮೆಲುಮಾತಿನವನು. ಒಬ್ಬಳೇ ಹೆಂಗಸು ಮಣಿಮೇಗಲೈ. ಯುದ್ಧದ ಕಾಲದಲ್ಲಿ ಮೂರು ಸಲ ಊರು ಬಿಟ್ಟು, ಮೂರು ಸಲ ಮರಳಿ ಬಂದು, ಅದೇ ನೆಲದಲ್ಲಿ ಮತ್ತೆ ಬಳ್ಳಿ ನೆಟ್ಟವಳು. ಅವಳಾಡುವ ತಮಿಳು ಕಣಿವೆಯ ತಮಿಳಿಗಿಂತ ಹಳೆಯದು, ಎಳೆದೆಳೆದು ಹಾಡಿದಂತೆ. ರಾಜಮ್ಮಾಳ್ ಅದಕ್ಕೆ ಮನಸೋತಳು. ಮಣಿಮೇಗಲೈಯನ್ನು ಮಾತಾಡಿಸಲೆಂದೇ ಬೇಕಿಲ್ಲದ್ದನ್ನೆಲ್ಲ ಕೇಳುತ್ತಿದ್ದಳು. ಮನೆಯೊಳಗೆ ಗಂಡ ಹೆಂಡತಿ ಕನ್ನಡ ಆಡಿಕೊಳ್ಳುವುದನ್ನು ಕೇಳಿ ಮಣಿಮೇಗಲೈಗೂ ನಗು.

"ನೀವು ಕಣ್ಣು ಅಂತೀರಿ, ನಾವು ಕಣ್ ಅಂತೀವಿ. ಅಷ್ಟು ಸಾಕು, ಐಯಾ, ದ್ರಾಕ್ಷಿ ಕಲಿಯೋಕೆ," ಎಂದಳು.

ಮೊದಲ ನಾಲ್ಕು ದಿನ ನೆಲ, ನೀರು, ಚಪ್ಪರ ನೋಡುವುದರಲ್ಲೇ ಕಳೆಯಿತು. ಐದನೆಯ ದಿನ ಸವರುವುದು ಎಂದು ಮೂಕಯ್ಯ ಹೇಳಿದ್ದ. ಸವರಿ ಎಂಟು ದಿನಕ್ಕೆ ಕಣ್ಣು ಒಡೆಯುತ್ತದೆ, ಅದನ್ನು ಕಣ್ಣಾರೆ ನೋಡಿಕೊಂಡು ಹದಿಮೂರನೆಯ ದಿನ ಹೊರಡಬಹುದು. ಹಾಗೆಂದೇ ತನ್ನ ಅರ್ಧ ತೋಟವನ್ನು ಸವರದೆ ಇಟ್ಟುಕೊಂಡಿದ್ದ.

ಮೂರನೆಯ ದಿನ ಬಸ್ ನಿಲ್ದಾಣದಲ್ಲಿ ಬ್ಯಾನರ್ ಎದ್ದಿತು. ಅದನ್ನು ಹಾಕಿಸಿದವನು ಮೂಕಯ್ಯನ ತಮ್ಮನ ಮಗ ಸೇಕರ್. ಅವನದು ಡೆಲ್ಲಿಯಲ್ಲಿ ಆಳುವವರ ಪಕ್ಷ. ಮಗಳ ಗಂಡ ಮಾದವನ್‌ನದು ಚೆನ್ನೈಯಲ್ಲಿ ಆಳುವವರ ಪಕ್ಷ. ಊರಿನಲ್ಲಿ ಯಾರೂ ಆ ಪಕ್ಷಗಳ ದೊಡ್ಡ ಹೆಸರು ಹೇಳುವುದಿಲ್ಲ. ಸೇಕರ್ ಕಟ್ಸಿ, ಮಾದವನ್ ಕಟ್ಸಿ, ಅಷ್ಟೇ. ಚುನಾವಣೆಗೆ ಆರು ವಾರವಿತ್ತು. 'ಕಡಲಾಚೆಯವರನ್ನು ನಮ್ಮ ಮಣ್ಣಿಗೆ ಕರೆತಂದ ತಲೈವರಿಗೆ ನನ್ರಿ' ಎಂದು ಬ್ಯಾನರಿನಲ್ಲಿ ನಾಯಕರಿಗೆ ಕೃತಜ್ಞತೆ ಹೇಳಿತ್ತು. ಅದರಲ್ಲಿ ಸೇಕರನ ಮುಖ ತೆಂಗಿನಕಾಯಿಯಷ್ಟು, ಅತಿಥಿಗಳ ಏಳು ಮುಖ ಕಡಲೆಕಾಳಿನಷ್ಟು.

ಮಾದವನ್ ಸುಮ್ಮನಿರುವುದು ಹೇಗೆ? ಮರುದಿನವೇ ಅವನ ಕಟ್ಸಿಯವರು ಕಪ್ಪು ಬಾವುಟ ಹಿಡಿದರು. ರಾಮೇಶ್ವರದ ಮೀನುಗಾರರನ್ನು ಹಿಡಿದು ಜೈಲಿಗೆ ಹಾಕುವ ದೇಶದವರಿಗೆ ಇಲ್ಲಿ ಔತಣದ ಊಟವೇ ಎಂದು ಕೂಗಿದರು. ಸೇಕರನ ಬ್ಯಾನರಿನ ಪಟ ತೆಗೆದು ದ್ರೋಹಿ ಎಂದು ಬರೆದು ಫೋನಿನಿಂದ ಫೋನಿಗೆ ಹಾರಿಸಿದರು. ಸಂಜೆಯೊಳಗೆ ಸೇಕರನಿಗೆ ಮೇಲಿನಿಂದ ಕರೆ ಬಂತು: ಬ್ಯಾನರ್ ಇಳಿಸು, ಇವರನ್ನು ವಾಪಸ್ ಕಳಿಸಿ ಅಂತ ಅವರಿಗಿಂತ ಮುಂಚೆ ನೀನು ಕೇಳು.

ಐದನೆಯ ದಿನ ಬೆಳಿಗ್ಗೆ ತಮಿಳ್‌ಸೆಲ್ವನ್ ಮುಖ ಬಾಡಿಸಿಕೊಂಡು ಬಂದ. ಜಿಲ್ಲೆಯಿಂದ ಆದೇಶ ಬಂದಿತ್ತು. ಮಧ್ಯಾಹ್ನದೊಳಗೆ ಊರಿನ ಬೆಳೆಗಾರರೆಲ್ಲ ಒಂದೇ ಮಾತಿನಲ್ಲಿ, ಎಲ್ಲರ ಮುಂದೆ, ಇವರು ನಮ್ಮ ಅತಿಥಿಗಳು, ಹೊಣೆ ನಮ್ಮದು ಎಂದರೆ ಅವರು ಉಳಿದ ದಿನ ಇರಬಹುದು. ಊರಿನಲ್ಲೇ ಭಿನ್ನಮಾತು ಕಂಡರೆ ಇಂದೇ ಮದುರೆಯ ವಿಮಾನ ಹತ್ತಿಸಬೇಕು.

"ಹನ್ನೊಂದು ಗಂಟೆಗೆ ಪತ್ರಿಕೆಯವರು ಬರ್ತಾರೆ, ಐಯಾ. ನೀವು ನಾಲ್ಕು ಮಾತು ಹೇಳಿದರೆ ಸಾಕು."

ಮೂಕಯ್ಯ ಒಳಂಗಳಕ್ಕೆ ಎಲ್ಲರನ್ನೂ ಕರೆದ. ಹನ್ನೊಂದು ಮನೆಯವರು ಬಂದು ಕೂತರು. ಅತಿಥಿಗಳು ತೋಟದ ಕಡೆ ಇದ್ದರು.

"ಏನ್ ಮಚ್ಚಾನ್," ಹಕಾರ ನುಂಗುವ ಮನೆಯ ಕನ್ನಡದಲ್ಲೇ ಸೇಕರ್ ಶುರು ಮಾಡಿದ, "ನಾನ್ ಬ್ಯಾನರ್ ಆಕುದ್ರೆ ನಿಂಗೇನ್ ಒಟ್ಟೆಉರಿ? ಡೆಲ್ಲಿ ಏಳದಿದ್ರೆ ಇವ್ರು ಇಲ್ಲಿಗೆ ಬರ್ತಿದ್ರಾ?"

"ಬರ್ಲಿ ಬುಡು. ಬಂದವ್ರನ್ನ ನಿಂ ಮುಕದ ಕೆಳಗೆ ಇರುವೆ ಮಾಡಿ ಆಕ್ದಲ್ಲ, ಅದ್ಕೆ ಉರೀತು," ಎಂದ ಮಾದವನ್.

"ಮೀನುಗಾರ್ರು ಅಂತ ಕೂಗ್ದೆ. ನೀನ್ ಒಂದು ದಿನ ಆದ್ರೂ ರಾಮೇಶ್ವರ ನೋಡಿದ್ದೀಯಾ?"

"ನೋಡದಿದ್ರೆ ಅವ್ರು ಜೈಲಲ್ಲಿ ಇಲ್ವಾ?"

ಮೂಕಯ್ಯ ಕೈಯೆತ್ತಿದ. "ಅವ್ರು ಜೈಲಲ್ಲಿರೋದು ನಿಜ, ಮಾದವಾ. ನಂಗೂ ಒಟ್ಟೆ ಉರೀತದೆ. ಆದ್ರೆ ಬಲೆ ಕಿತ್ಕೊಂಡವ್ಳು ಈ ಮಣಿಮೇಗಲೈಯಾ? ಇವ್ಳ ಅತ್ರ ಇರೋದು ನಲವತ್ತು ಬಳ್ಳಿ, ಒಂದು ಕತ್ರಿ."

"ಅದು ನಂಗೊತ್ತು ಮಾಮಾ. ಕಟ್ಸಿಗೆ ಗೊತ್ತಾಗ್ಬೇಕಲ್ಲ."

"ಸರಿ, ಈಗ ಇಬ್ರೂ ಕಳಿಸ್ಬೇಕು ಅಂತೀರಿ. ಅಂದ್ರೆ ಒಂದೇ ಮಾತು ಆಯ್ತಲ್ಲ?" ಎಂದು ಮೂಲೆಯಿಂದ ಯಾರೋ ಕೇಳಿದರು.

"ಒಂದೇ ಎಂಗಾಯ್ತದೆ?" ಇಬ್ಬರೂ ಒಟ್ಟಿಗೆ ಸಿಡುಕಿದರು. "ಮೊದ್ಲು ಏಳಿದ್ದು ನಾವು!"

ಅಂಗಳವೆಲ್ಲ ನಕ್ಕಿತು. ರಾಜಮ್ಮಾಳ್ ಒಲೆಯ ಮುಂದಿನಿಂದಲೇ, "ಏಳಿ, ಏಳಿ. ಮನೆಗೆ ಬಂದವ್ರನ್ನ ಓಡ್ಸೋದ್ರಲ್ಲಿ ಯಾರ್ ಮುಂದು ಅಂತ ಓಟ್ ಆಕ್ತೀವಿ," ಎಂದಳು.

ಆ ನಗುವಿನಲ್ಲಿ ಇಬ್ಬರ ಮುಖವೂ ಸ್ವಲ್ಪ ಕೆಳಗಾಯಿತು. ಮೂಕಯ್ಯ ಆ ಗಳಿಗೆಯನ್ನು ಬಿಡಲಿಲ್ಲ.

"ಎಂಟು ದಿನ. ಎಂಟೇ ದಿನ ಕೊಡಿ. ಕಣ್ಣು ಒಡೆಯೋದು ನೋಡ್ಕೊಂಡು ಅವ್ರು ಓಗ್ಲಿ. ಆಮೇಲೆ ನೀವಿಬ್ರೂ ಬಸ್ ಸ್ಟಾಂಡಲ್ಲಿ ಕುಸ್ತಿ ಆಡಿ, ನಾನೇ ಮಣ್ಣು ಆಕುಸ್ತೀನಿ. ಮೇಲೂರಿನವ್ರ ಮುಂದೆ ಎಂದಾದ್ರೂ ಎರಡು ಬಾಯಿ ತೋರ್ಸಿದ್ದೀವಾ? ಇವ್ರು ಮೇಲೂರಿಗಿಂತ ದೂರದವ್ರು. ಇಲ್ಲಿ ಎರಡು ಬಾಯಿ ಕಂಡ್ರೆ ಅವ್ರ ದೇಶಕ್ಕೆ ಓಗಿ ಏನ್ ಏಳ್ತಾರೆ? ಅನುಮಂತನಪಟ್ಟಿಗೆ ಎರಡು ಬಾಯಿ ಅನ್ನಲ್ಲಪ್ಪಾ. ಇಂಡಿಯಾಗೆ ಎರಡು ಬಾಯಿ ಅಂತಾರೆ."

ಸೇಕರ್ ನೆಲ ನೋಡಿದ. ಮಾದವನ್ ಸೂರು ನೋಡಿದ. ತಟ್ಟೆ ಬಂತು. ಸೇಕರ್ ಮೊದಲು ಎಲೆ ತೆಗೆದುಕೊಂಡ. ಅವನು ತೆಗೆದುಕೊಂಡದ್ದನ್ನು ನೋಡಿ ಮಾದವನ್ ಎರಡು ಎಲೆ ತೆಗೆದುಕೊಂಡ. ಮೂಕಯ್ಯನ ಎದೆ ಹಗುರಾಯಿತು.

ಹೊರಗೆ ಬಿಸಿಲು ಏರಿತ್ತು. ಜಗುಲಿಯ ಮುಂದೆ ತಮಿಳ್‌ಸೆಲ್ವನ್, ನಾಲ್ಕು ಕ್ಯಾಮೆರಾ, ಎರಡೂ ಕಟ್ಸಿಯ ಹತ್ತಿಪ್ಪತ್ತು ಜನ, ರಸ್ತೆಯಾಚೆ ಪೊಲೀಸ್ ಜೀಪು. ತೋಟದಿಂದ ಬಂದ ಏಳು ಜನ ಬೇವಿನ ಮರದ ಕೆಳಗೆ ನಿಂತಿದ್ದರು. ಮೂಕಯ್ಯನ ಹಿಂದೆ ಹನ್ನೊಂದು ಕೆನ್ನೆಗಳು ಉಬ್ಬಿದ್ದವು.

"ಐಯಾ, ಇವರನ್ನು ಇಲ್ಲಿಗೆ ಕರೆಸಿದ್ದು ಯಾರು?" ಒಬ್ಬ ಪತ್ರಿಕೆಯವನು ಮೈಕು ಚಾಚಿ ಕೇಳಿದ. "ಡೆಲ್ಲಿಯೋ, ಚೆನ್ನೈಯೋ?"

ಈ ಪ್ರಶ್ನೆಯನ್ನು ಮೂಕಯ್ಯ ಎದುರು ನೋಡಿರಲಿಲ್ಲ. ಡೆಲ್ಲಿ ಎಂದರೆ ಒಬ್ಬ ಉಗಿಯುತ್ತಾನೆ, ಚೆನ್ನೈ ಎಂದರೆ ಇನ್ನೊಬ್ಬ. ಯಾರೂ ಅಲ್ಲ, ದ್ರಾಕ್ಷಿ ಬೆಳೆಯುವ ನಾವೇ ಕರೆದೆವು ಎನ್ನುವುದು ಒಳ್ಳೆಯ ಉತ್ತರ. ಅದು ಹೊಳೆದದ್ದಕ್ಕೆ ಅವನಿಗೆ ಖುಷಿಯೂ ಆಯಿತು. ಆದರೆ ಹೊಳೆದದ್ದು ಕನ್ನಡದಲ್ಲಿ. ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಿಂದ ಬಂದದ್ದು ಹೀಗೆ:

"ನಾಮದಾನ್ ಕೂಪ್ಪಿಟ್ಟೋಂ."

'ನಾಂಗ' ಎಂದಿದ್ದರೆ, ಕರೆದದ್ದು ಊರಿನ ಬೆಳೆಗಾರರು ಎಂದಾಗುತ್ತಿತ್ತು. 'ನಾಮ' ಎಂದದ್ದರಿಂದ, ನಾವೆಲ್ಲರೂ, ಈಗ ಕೇಳುತ್ತಿರುವ ನೀವೂ ಸೇರಿ, ಈ ಕಟ್ಸಿಯೂ ಆ ಕಟ್ಸಿಯೂ ಸೇರಿ ಕರೆದೆವು ಎಂದಾಯಿತು.

ಪತ್ರಿಕೆಯವನ ಕಣ್ಣು ಮಿನುಗಿತು. "ಅಂದರೆ ಎರಡು ಕಟ್ಸಿಯವರೂ ಸೇರಿ ಕರೆದದ್ದಾ?" ಎನ್ನುತ್ತ ಮೈಕನ್ನು ಹಿಂದೆ ನಿಂತವರ ಕಡೆಗೆ ತಿರುಗಿಸಿದ.

ಗುಂಪಿನಿಂದ ಯಾರೋ, "ಮಾದವಾ, ನೀನೂ ಕರೆದೆಯಾ?" ಎಂದು ಕೂಗಿದರು. ಮಾದವನ್‌ನ ಕಣ್ಣು ಅಗಲವಾಯಿತು. ಅವನು ತಲೆ ಅಲ್ಲಾಡಿಸಿದ, ಕೈ ಅಲ್ಲಾಡಿಸಿದ. ಅಷ್ಟರಲ್ಲಿ ಪಕ್ಕದಿಂದ ಸದ್ದು ಕೇಳಿತು. ಸೇಕರ್ ಉಗಿದಿದ್ದ. ರಾಜಮ್ಮಾಳ್ ಬೆಳಿಗ್ಗೆ ಸಾರಿಸಿ ರಂಗೋಲಿ ಬಿಟ್ಟಿದ್ದ ಬಾಗಿಲ ಮುಂದೆ ಕೆಂಪು ಬಿತ್ತು.

"ನಾವು ಕರೀಲಿಲ್ಲ! ಇವತ್ತೇ ವಾಪಸ್ ಕಳಿಸಿ ಅಂತ ಮೊದಲು ಅರ್ಜಿ ಕೊಟ್ಟಿದ್ದು ನಮ್ಮ ಕಟ್ಸಿ!"

"ಸುಳ್ಳು!" ಮಾದವನ್ ಉಗಿದ. ಎರಡು ಎಲೆಯ ರಸ ಇನ್ನೂ ದೂರ ಹೋಯಿತು. "ಕಪ್ಪು ಬಾವುಟ ಹಿಡಿದದ್ದು ಯಾರು? ನಾವು!"

ಆಮೇಲಿನದನ್ನು ಹೇಳುವುದಕ್ಕಿಂತ ಬಿಡುವುದೇ ವಾಸಿ. ತಮಿಳ್‌ಸೆಲ್ವನ್ ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ಮಡಚಿ ಜೇಬಿಗಿಟ್ಟುಕೊಂಡ. ಉಳಿದ ಒಂಬತ್ತು ಮನೆಯವರು ಏನು ಮಾಡುವುದೆಂದು ತಿಳಿಯದೆ ಎಲೆ ಅಗಿಯುತ್ತಲೇ ನಿಂತಿದ್ದರು. ಒಬ್ಬ ಮುದುಕ ರಸವನ್ನು ನುಂಗಿಬಿಟ್ಟು ಕೆಮ್ಮಿದ.

ಅತಿಥಿಗಳಿಗೆ ಅರ್ಧ ಗಂಟೆ ಕೊಟ್ಟರು. ಮೂಕಯ್ಯ ಜಗುಲಿಯಿಂದ ಇಳಿದು, ಯಾರ ಮುಖವನ್ನೂ ನೋಡದೆ ತೋಟಕ್ಕೆ ಹೋದ. ಅವನು ಅಳಲು ಹೋದನೆಂದು ರಾಜಮ್ಮಾಳ್ ತಿಳಿದಳು. ಹೊರಗೆ ನೀರು ಚೆಲ್ಲಿ, ಬಾಗಿಲು ಮತ್ತೊಮ್ಮೆ ಸಾರಿಸಿ, ಏಳು ಜನರಿಗೆ ಹುಳಿಯನ್ನದ ಪೊಟ್ಟಣ ಕಟ್ಟುವ ಹೊತ್ತಿಗೆ ಅವನು ಬಂದ. ಹೆಗಲ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ದ್ರಾಕ್ಷಿ ಕಡ್ಡಿಗಳ ಹೊರೆ. ಕೈಯಲ್ಲಿ ಎಂಟು ಸವರುವ ಕತ್ತರಿ.

"ಇದೇನಿದು?"

"ಇನ್ನೊಂದು ಪೊಟ್ಲ ಕಟ್ಟು. ನಾನೂ ಓಗ್ತೀನಿ."

"ಎಲ್ಗೆ, ಯಾಳ್ಪಾಣಕ್ಕಾ?"

"ಏರ್‌ಪೋರ್ಟ್ ವರ್ಗೆ. ಮೂರು ಗಂಟೆ ದಾರಿ ಅದೆ. ಮೂರು ಗಂಟೇಲಿ ಸವರೋದು ಕಲಿಸ್ಬೋದು."

ರಾಜಮ್ಮಾಳ್ ಬೈಯಲು ಬಾಯಿ ತೆರೆದವಳು ಪೊಟ್ಟಣದೊಳಕ್ಕೆ ಒಂದು ಹಪ್ಪಳ ಹೆಚ್ಚು ಇಟ್ಟಳು.

ವ್ಯಾನಿನ ಮುಂದಿನ ಸೀಟಿನಲ್ಲಿ ಪೊಲೀಸ್ ಪೇದೆ ಕರುಪ್ಪಸಾಮಿ. ಕಾವಲಿಗೆಂದು ಕಳಿಸಿದ್ದರು. ಕತ್ತರಿಗಳನ್ನು ಕಂಡು ಅವನು ತಕರಾರು ತೆಗೆದ. "ಐಯಾ, ಆಯುಧ ಆಗಲ್ಲ."

"ಆಯುಧ ಅಲ್ಲಪ್ಪಾ, ಪಾಠ," ಎಂದ ಮೂಕಯ್ಯ. "ಬೇಕಿದ್ರೆ ನೀನೂ ಒಂದು ಇಟ್ಕೋ."

ಚಿನ್ನಮನೂರು ದಾಟುವಷ್ಟರಲ್ಲಿ ಎಲ್ಲರ ಮಡಿಲಲ್ಲೂ ಕಡ್ಡಿಗಳಿದ್ದವು. ಹುಣಸೆಬೀಜದ ಬಣ್ಣ ಬಂದಿದ್ದರೆ ಕಡ್ಡಿ ಮಾಗಿದೆ, ಹಸಿರಿದ್ದರೆ ಬಿಡು. ಮೊದಲ ಕಣ್ಣು ಬುಡದ್ದು, ಅದನ್ನು ಎಣಿಸಬೇಡ. ಹಣ್ಣಿಗಾದರೆ ಐದು ಕಣ್ಣು, ಮುಂದಿನ ಬೆಳೆಗೆ ಕಡ್ಡಿ ಬೇಕಾದರೆ ಎರಡು. ಕಣ್ಣಿನಿಂದ ಒಂದು ಬೆರಳು ಮೇಲೆ ಕತ್ತರಿಸು, ಓರೆಯಾಗಿ, ನೀರು ಕಣ್ಣಿನ ಮೇಲೆ ಇಳಿಯದ ಹಾಗೆ. ತೇನಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಪಕ್ಕದ ಬಸ್ಸಿನವರು ಕಿಟಕಿಯಿಂದ ಬಗ್ಗಿ, ವ್ಯಾನಿನಲ್ಲಿ ಎಂಟು ಜನ ಕಣ್ಣು ಮುಚ್ಚಿಕೊಂಡು ಕಡ್ಡಿಗಳನ್ನು ತಡವುತ್ತಿರುವುದನ್ನು ನೋಡಿದರು. ಹೆಬ್ಬೆರಳಿನಿಂದ ಹಣ್ಣಿನ ಕಣ್ಣು ಹುಡುಕುವ ಪಾಠ ಅದು. ಎಂಟನೆಯವನು ಪೇದೆ ಕರುಪ್ಪಸಾಮಿ.

"ಐಯಾ, ಇದು ಗುಂಡಗಿದೆ!" ಎಂದು ಅವನು ಕೂಗಿದ.

"ಅದು ಗಂಟು ಕಣಪ್ಪಾ. ಮೇಲೆ ಓಗು."

ಆಂಡಿಪಟ್ಟಿಯ ಘಾಟಿ ಏರುವಾಗ ವ್ಯಾನು ನಿಧಾನವಾಯಿತು. ಶಿವಬಾಲನ್ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದ. "ಐಯಾ, ಉಗಿದ ಆ ಇಬ್ಬರು ನಿಮ್ಮ ಸಂಬಂಧಿಕರೇ ಅಂತೆ?"

ಮೂಕಯ್ಯನ ನಾಲಿಗೆಯ ತುದಿಗೆ ಎಷ್ಟೋ ಬಂತು. ಆದರೆ ಮನೆಯ ಜಗಳವನ್ನು ಹೊರಗೆ ಆಡದಿರುವುದೇ ಬಾಯಿಯ ಮೊದಲ ಕೆಲಸ. "ನನ್ನ ಮಕ್ಕಳೇ," ಎಂದ. "ಕೆಟ್ಟವರಲ್ಲ. ತಪ್ಪು ನನ್ನದು. ಒಂದು ಪದ ತಪ್ಪಿ ಆಡಿದೆ. ನಾಂಗ ಅನ್ನಬೇಕಿತ್ತು, ನಾಮ ಅಂದೆ."

ಶಿವಬಾಲನ್ ಕಿಟಕಿಯಾಚೆ ನೋಡಿದ.

"ಮರದ ಕೆಳಗೆ ನಿಂತು ಕೇಳಿಸಿಕೊಂಡೆವು," ಎಂದ. "ನಮ್ಮ ದೇಶದಲ್ಲಿ ನಮ್ಮನ್ನು ಅವರು ಅಂತಾರೆ. ಇಲ್ಲಿಗೆ ಬಂದರೆ ಇಲ್ಲಿಯೂ ಅವರು ಅಂತಾರೆ. ನಾಮ ಅಂದದ್ದು ನೀವೊಬ್ಬರೇ. ಅದು ತಪ್ಪಿ ಬಂದದ್ದು ಅಂತ ಈಗ ಯಾಕೆ ಹೇಳಿದಿರಿ, ಐಯಾ?"

ಮೂಕಯ್ಯ ಶಿವಬಾಲನ್‌ನ ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸಿ, ಅವನ ಹೆಬ್ಬೆರಳನ್ನು ಹಿಡಿದು ಐದನೆಯ ಕಣ್ಣಿನ ಮೇಲೆ ಇಟ್ಟ.

ಮದುರೆಯ ವಿಮಾನ ನಿಲ್ದಾಣ ಬಂದಾಗ ಮಣಿಮೇಗಲೈ ಇಪ್ಪತ್ತಮೂರು ಕಡ್ಡಿ ಸವರಿದ್ದಳು, ಅದರಲ್ಲಿ ಇಪ್ಪತ್ತು ಸರಿಯಾಗಿದ್ದವು. ವ್ಯಾನಿನ ನೆಲದ ತುಂಬ ತುಂಡುಗಳು. ಗಿಡದ ತುಂಡು ಗಡಿ ದಾಟಬಾರದೆಂಬ ಕಾಯಿದೆಯಿಂದ ಒಂದನ್ನೂ ಅವರು ಒಯ್ಯುವಂತಿರಲಿಲ್ಲ.

"ಎಂಟು ದಿನಕ್ಕೆ ಕಣ್ಣು ಒಡೆಯುತ್ತದೆ," ಮೂಕಯ್ಯ ಆತುರದಲ್ಲಿ ಹೇಳುತ್ತಿದ್ದ. "ಒಂದೇ ಕಡೆ ಎರಡು ಚಿಗುರು ಬರುತ್ತದೆ. ಒಂದನ್ನು ಚಿವುಟಬೇಕು. ಯಾವುದನ್ನು ಅಂತ..." ಅವನು ನಿಂತ. ಯಾವುದನ್ನು ಚಿವುಟಬೇಕೆಂದು ಬಾಯಲ್ಲಿ ಹೇಳಲು ಬರುವುದಿಲ್ಲ. ಅದು ಬಳ್ಳಿಯ ಮುಂದೆ ನಿಂತು ತೋರಿಸುವ ಪಾಠ. ಮಣಿಮೇಗಲೈ ಅವನ ಪಾದ ಮುಟ್ಟಿ, ಚೀಲ ಎತ್ತಿಕೊಂಡು, ಗಾಜಿನ ಬಾಗಿಲಿನೊಳಗೆ ಹೋದಳು.

ವಾರದೊಳಗೆ ಬಸ್ ನಿಲ್ದಾಣದಲ್ಲಿ, ಒಂದೇ ದೀಪದ ಕಂಬದ ಎರಡು ಪಕ್ಕಕ್ಕೆ, ಎರಡು ಬ್ಯಾನರ್ ಬಂದವು. ನಮ್ಮ ಹೋರಾಟಕ್ಕೆ ಜಯ ಎಂದು ಇದರಲ್ಲಿಯೂ ಇತ್ತು, ಅದರಲ್ಲಿಯೂ ಇತ್ತು. ಸೇಕರ್ ಒಂದು ಸಂಜೆ ಬಂದು ಜಗುಲಿಯ ಮೇಲೆ ಕೂತ. "ದೊಡ್ಡಯ್ಯಾ, ನನ್ ಮೇಲೆ ಕೋಪವಾ?" ಎಂದ. ಮೂಕಯ್ಯ ಅವನ ಮುಂದೆ ಕಾಫಿಯ ಲೋಟ ಸರಿಸಿದ. ಮರುದಿನ ಮಾದವನ್ ಬಂದ, ಅವನಿಗೂ ಕಾಫಿ ಸಿಕ್ಕಿತು. ಆದರೆ ನೀರಿನ ಮಾತಿಗೆ ಮೇಲೂರಿಗೆ ಹೋದಾಗ ಅಲ್ಲಿನ ಹಿರಿಯ ಈ ಸಲ ನಕ್ಕ. ಹನ್ನೊಂದು ಉಬ್ಬಿದ ಕೆನ್ನೆಗಳನ್ನು ಒಂದೊಂದಾಗಿ ನೋಡಿ, "ನಿಮ್ಮೂರಿನ ಎಲೆ ಈಗ ಎಷ್ಟು ಹೊತ್ತು ನಿಲ್ಲುತ್ತಪ್ಪಾ?" ಎಂದ. ಫೋನಿನಲ್ಲಿ ಅವನೂ ಎಲ್ಲವನ್ನೂ ನೋಡಿದ್ದ. ಮೂಕಯ್ಯ ಎಷ್ಟು ಹೊತ್ತು ಸುಮ್ಮನೆ ನಿಂತರೂ ಅವನಿಗೆ ಅವಸರವಾಗಲಿಲ್ಲ. ಐದು ದಿನದ ನೀರು ಮೂರಕ್ಕೆ ಇಳಿಯಿತು.

ಜೂನ್ ಕೊನೆಗೆ, ಆನಿ ತಿಂಗಳ ಒಂದು ಬೆಳಿಗ್ಗೆ, ಮಣಿಮೇಗಲೈ ಮಾತಾಡಿ ಕಳಿಸಿದ ದನಿ ಫೋನಿನಲ್ಲಿ ಬಂತು. ರಾಜಮ್ಮಾಳ್ ಅದನ್ನು ಮೂರು ಸಲ ಹಾಕಿಸಿ ಕೇಳಿದಳು. ದೂರದ ಒಂದು ದೊಡ್ಡ ದೇಶದವರು ಬಂದಿದ್ದರಂತೆ. ಅವರದೇ ಜಾತಿಯ ಸಸಿ, ಅವರದೇ ಹನಿ ನೀರಿನ ಪೈಪು, ಎಲ್ಲ ಪುಕ್ಕಟೆ. ಹತ್ತು ವರ್ಷ ಅವರಿಗೇ ಹಣ್ಣು ಕೊಡಬೇಕು. ಶಿವಬಾಲನ್ ಅಣ್ಣ ಎರಡು ದಿನ ಊಟ ಬಿಟ್ಟು ಯೋಚಿಸಿ, ಆಮೇಲೆ ಸಹಿ ಹಾಕಿದ. ಊರಿನವರೆಲ್ಲ ಹಳೆಯ ಬಳ್ಳಿ ಕಿತ್ತರು. "ನಾನೂ ಕಿತ್ತೆ, ಐಯಾ. ನಾಲ್ಕು ಮಾತ್ರ ಇಟ್ಟುಕೊಂಡೆ, ಬಾವಿಯ ಪಕ್ಕದ್ದು. ನೀವು ಹೇಳಿದ ಹಾಗೆ ಐದು ಕಣ್ಣು ಬಿಟ್ಟು ಸವರಿದ್ದೇನೆ. ಇವತ್ತಿಗೆ ಎಂಟನೆಯ ದಿನ. ಎರಡು ಚಿಗುರು ಬಂದಿವೆ. ಯಾವುದನ್ನು ಚಿವುಟಲಿ?"

ಜೊತೆಗೆ ಒಂದು ಪಟ. ಬಿಸಿಲು ಬಿದ್ದು ಏನೂ ಕಾಣುತ್ತಿರಲಿಲ್ಲ.

ಮೂಕಯ್ಯ ಫೋನನ್ನು ಎರಡು ಕೈಯಲ್ಲೂ ಹಿಡಿದು, ಯಾಳ್ಪಾಣದವರೆಗೆ ಕೇಳಿಸಬೇಕೆಂಬಂತೆ ಕೂಗಿದ. "ಅಮ್ಮಾ, ಮೇಲಿಂದ ಪಟ ತೆಗೀಬೇಡ! ಚಪ್ಪರದ ಕೆಳಗೆ ಕೂತ್ಕೊ. ನಿನ್ನ ನೆರಳು ಅದರ ಮೇಲೆ ಬೀಳಲಿ. ನಾಲ್ಕು ಬಳ್ಳಿಯದೂ ತೆಗೆದು ಕಳಿಸು. ನಾನು ನೋಡುವವರೆಗೂ ಏನನ್ನೂ ಚಿವುಟಬೇಡ."

ಆಮೇಲೆ ಜಗುಲಿಯ ಅಂಚಿನಲ್ಲಿ ಕೂತು, ಫೋನನ್ನು ಮೊಣಕಾಲ ಮೇಲಿಟ್ಟುಕೊಂಡ. ರಾಜಮ್ಮಾಳ್ ಒಳಗೆ ಹೋಗಿ ಅವನ ಕನ್ನಡಕವನ್ನು ಸೀರೆಯ ಸೆರಗಿನಿಂದ ಒರೆಸಿ ತಂದು ಪಕ್ಕದಲ್ಲಿ ಕೂತಳು.

"ಬಂತಾ?"

"ಇನ್ನೂ ಇಲ್ಲ."